ಹೋಗದ ಊರಿನ ಬುತ್ತಿ

ತಿಕೋಟಾದ ನಮ್ಮ ಮನೆಗೆ ಎರಡು ಬಾಗಿಲು. ಮುಂಬಾಗಿಲಿನೆದುರು ಚಕ್ಕಡಿ ನಿಲ್ಲುತ್ತಿತ್ತು, ಹಿಂಬಾಗಿಲು ತೆರೆದರೆ ತೋಟ. ನನ್ನ ಬಾಲ್ಯವೆಲ್ಲ ಈ ಎರಡರ ನಡುವೆ ಓಡಾಡುವುದರಲ್ಲೇ ಕಳೆಯಿತು. ಈಗಲೂ ವಿಜಯಪುರದ ಅಥಣಿ ರಸ್ತೆಯ ಮನೆಯಲ್ಲಿ ನನಗೆ ಕುಳಿತು ಚಹಾ ಕುಡಿಯಲು ಬರುವುದಿಲ್ಲ. ಬಸಿಯಲ್ಲಿ ಚಹಾ ಸುರುವಿಕೊಂಡು ಮುಂದಿನ ಗೇಟಿಗೊಮ್ಮೆ ಹೋಗುತ್ತೇನೆ, ಹಿತ್ತಲಿಗೊಮ್ಮೆ ಬರುತ್ತೇನೆ. ಸೊಸೆ ನೆಲ ಒರೆಸುತ್ತ ನನ್ನ ಹಿಂದೆ ಹಿಂದೆ ಬರುತ್ತಾಳೆ. ಲಿಂಬೆಹಣ್ಣಿನ ವ್ಯಾಪಾರದಲ್ಲಿ ಮಾತ್ರ ಈ ನಿಲ್ಲದ ಕಾಲು ನನ್ನನ್ನು ಕಾಪಾಡಿದೆ. ಸೌದಾ ನಡೆಯುವಾಗ ಕುಳಿತವರ ಮಾತಿಗಿಂತ ನಿಂತವರ ಮಾತಿಗೆ ತೂಕ ಹೆಚ್ಚು. ಇವಳು ಯಾವ ಗಳಿಗೆಯಲ್ಲಿ ಹೊರಟುಬಿಡುತ್ತಾಳೋ ಎಂಬ ಅಂಜಿಕೆ ಎದುರಿನವನಿಗೆ ಇದ್ದೇ ಇರುತ್ತದೆ. ನಾನು ಯಾವುದನ್ನೂ ಪುಕ್ಕಟೆ ಕೊಡುವವಳಲ್ಲ, ಆದರೆ ಈ ಬುದ್ಧಿವಾದವನ್ನು ಕೊಟ್ಟಿದ್ದೇನೆ, ಇಟ್ಟುಕೊಳ್ಳಿ. ವ್ಯಾಪಾರದ ಮೊದಲ ಪಾಠ ನನಗೆ ಪೇಟೆಯಲ್ಲಿ ಸಿಕ್ಕಿದ್ದಲ್ಲ. ಅದು ಸಿಕ್ಕಿದ್ದು ಆ ತೋಟದಲ್ಲಿ, ಒಂದು ಹಕ್ಕಿಯ ದೆಸೆಯಿಂದ.

ತೋಟ ನಮ್ಮೊಬ್ಬರದೇ ಆಗಿರಲಿಲ್ಲ. ಓಣಿಯ ಕೆಲವು ಮನೆಗಳು ಕೂಡಿ ಇಟ್ಟುಕೊಂಡಿದ್ದ ಪಾಲಿನ ತೋಟ ಅದು. ನಡುವೆ ಕಲ್ಲಿನ ಮೆಟ್ಟಿಲುಗಳಿದ್ದ ಹಳೆಯ ಬಾವಿ, ಸುತ್ತ ಪ್ರತಿ ಮನೆಗೂ ಒಂದಷ್ಟು ಪಾತಿ. ಎತ್ತು ಹೂಡಿ ತೊಗಲಿನ ಮಟ್ಟಿಯಿಂದ ನೀರೆತ್ತಿ ಕಾಲುವೆಗೆ ಬಿಡುತ್ತಿದ್ದರು. ಬದನೆ, ಮೆಂತ್ಯ, ಹಕ್ಕರಕಿ ಸೊಪ್ಪನ್ನು ಕೇಳಿದವರಿಗೆ ಕಿತ್ತು ಕೊಡುತ್ತಿದ್ದರು. ನೀರನ್ನು ಮಾತ್ರ ಕೊಡುತ್ತಿರಲಿಲ್ಲ. ನೀರಿಗೆ ಸರದಿ ಇತ್ತು. ಒಬ್ಬರ ಸರದಿಯ ನೀರು ಇನ್ನೊಬ್ಬರ ಪಾತಿಗೆ ಹೊರಳಿದರೆ ಒಂದೇ ತಾಯಿಯ ಮಕ್ಕಳೂ ಮಾತು ಬಿಡುತ್ತಿದ್ದರು. ಪಾಲು, ಸರದಿ ಯಾವುದೂ ಇಲ್ಲದೆ ಉಣ್ಣುತ್ತಿದ್ದವು ಹಕ್ಕಿಗಳು ಮಾತ್ರ. ಪೇರಲ ಗಿಡದಲ್ಲಿ ಗಿಳಿ, ನುಗ್ಗೆಯ ಹೂವಿಗೆ ಬೆರಳಿನಷ್ಟುದ್ದದ ಸೂರಕ್ಕಿ, ಬಾವಿಯೊಳಕ್ಕೆ ಬಾಗಿದ ಟೊಂಗೆಯಲ್ಲಿ ಗೀಜುಗನ ಗೂಡು. ಹಸಿ ನೆಲವಿದ್ದಲ್ಲಿ ಗೊರವಂಕಗಳು ಬಡ್ಡಿ ವಸೂಲಿಗೆ ಬಂದವರ ಹಾಗೆ ಎದೆಯುಬ್ಬಿಸಿ ನಡೆಯುತ್ತಿದ್ದವು. ಯಾವ ಹಕ್ಕಿ ಎಲ್ಲಿ ಕೂರುತ್ತದೆ, ಯಾವುದು ಯಾವುದನ್ನು ಕಂಡು ಹಾರುತ್ತದೆ, ಎಲ್ಲ ನನಗೆ ಬಾಯಿಪಾಠವಾಗಿತ್ತು. ಅದು ಪ್ರೀತಿಯಿಂದ ಬಂದದ್ದಲ್ಲ. ನಮ್ಮ ಮನೆಯಲ್ಲಿ ಅದು ನನಗೆ ಹಚ್ಚಿಕೊಟ್ಟ ಕೆಲಸ.

ಹಚ್ಚಿಕೊಟ್ಟವಳು ಆಯಿ, ನನ್ನ ಅಪ್ಪನ ತಾಯಿ. ಮನೆಯಿಂದ ಯಾರೇ ಪರ ಊರಿಗೆ ಹೊರಡಲಿ, ಬಿಜಾಪುರದ ಸಂತೆಗಾಗಲಿ ಹೊನವಾಡದ ಮದುವೆಗಾಗಲಿ, ಅಂದು ಬೆಳಿಗ್ಗೆ ತೋಟದಲ್ಲಿ ರತ್ನಪಕ್ಷಿ ಕಾಣಬೇಕು. ಕಾಗೆಗಿಂತ ಒಂದು ಸುತ್ತು ದೊಡ್ಡದು. ಮೈ ಕಪ್ಪು, ರೆಕ್ಕೆ ಸುಟ್ಟ ಇಟ್ಟಿಗೆಯ ಬಣ್ಣ, ಕಣ್ಣು ಕೆಂಡ. ಹಾರುವುದಕ್ಕಿಂತ ನಡೆಯುವುದೇ ಹೆಚ್ಚು. ಬೇಲಿಯ ಬುಡದಲ್ಲಿ, ಪೊದೆಯ ಒಳಗೊಳಗೇ, ಮನೆಗೆ ಹೊಸದಾಗಿ ಬಂದ ಸೊಸೆಯಂತೆ ಸದ್ದಿಲ್ಲದೆ ಸುಳಿಯುತ್ತದೆ. ಅದನ್ನು ಕಂಡು ಹೊರಟರೆ ಹೋದ ಕೆಲಸ ಕೈಗೂಡುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಆಯಿ ಆ ನಂಬಿಕೆಗೆ ಇನ್ನಷ್ಟು ಕಟ್ಟಳೆ ಸೇರಿಸಿದ್ದಳು. ನಮ್ಮ ಹಿಂಬಾಗಿಲಿಂದಲೇ ಕಾಣಬೇಕು, ಅದು ಎಡದಿಂದ ಬಲಕ್ಕೆ ಹೋಗಬೇಕು, ದನಿ ಕೇಳಿದರೆ ಸಾಲದು. ಆಯಿಯ ಕಣ್ಣಿಗೆ ಆಗಲೇ ಪೊರೆ ಕಟ್ಟಿತ್ತು. ಹಾಗಾಗಿ ನೋಡುವ ಕಣ್ಣು ನನ್ನದು, ಒಪ್ಪುವ ಬಾಯಿ ಅವಳದು. ನನ್ನ ಮೇಲೂ ಪೂರ್ತಿ ಭರವಸೆ ಇರಲಿಲ್ಲ; ತೋಟದಲ್ಲಿದ್ದ ಬೇರೆ ಮನೆಯವರೊಬ್ಬರು ಹೌದೆನ್ನಬೇಕಿತ್ತು. ಹೆಚ್ಚಾಗಿ ಆ ಸಾಕ್ಷಿ ಪಕ್ಕದ ಮನೆಯ ಮಾಲನಬಿ. ಮಾಲನಬಿ ಬಾಯಿ ಬಿಟ್ಟರೆ ನಿಜವನ್ನೇ ಹೇಳುತ್ತಾಳೆಂದು ಓಣಿಗೆಲ್ಲ ಗೊತ್ತಿತ್ತು, ಕೆಲವರಿಗೆ ಅದರಿಂದ ತೊಂದರೆಯೂ ಆಗಿತ್ತು.

ಚಳಿ ಇಳಿದು ಬಿಸಿಲು ಏರತೊಡಗಿದ ದಿನಗಳು. ಬಿಜಾಪುರಕ್ಕೆ ಕಾಳು ಹಾಕಿ ಮರಳುತ್ತಿದ್ದ ಬಬಲೇಶ್ವರದ ಚಕ್ಕಡಿಯವನೊಬ್ಬ ದಾರಿ ಬಳಸಿ ನಮ್ಮ ಮನೆಗೆ ಬಂದ. ಬಬಲೇಶ್ವರ ನನ್ನ ಅವ್ವನ ತವರು. ನೀರು ಕೊಟ್ಟರೆ ಕುಡಿಯದೆ ನಿಂತೇ ಹೇಳಿದ.

"ಚನ್ನವ್ವಾ, ನಿಮ್ಮವ್ವ ಹಾಸಿಗಿ ಹಿಡದಾಳಬೇ. ಗಂಜಿನೂ ಒಲ್ಲೆ ಅಂತಾಳ. ಬಾಗಲದಾಗ ಯಾರ ಬಂದ್ರೂ 'ಚನ್ನಿ ಬಂದಳೇನ' ಅಂತ ಕೇಳಾಕತ್ತಾಳ."

ಅವ್ವ ಅಳಲಿಲ್ಲ. ಒಳಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿ ತೆಗೆದಳು. ಮರುದಿನ ಬೆಳಕು ಹರಿಯುವ ಮೊದಲೇ ಒಲೆ ಹೊತ್ತಿಸಿ ರೊಟ್ಟಿ ಬಡಿದಳು, ಶೇಂಗಾ ಹೋಳಿಗೆ ಮಾಡಿದಳು, ಅಗಸಿ ಹಿಂಡಿಗೆ ಎಣ್ಣೆ ಕಲಸಿದಳು, ಎಲ್ಲವನ್ನೂ ಬಿಳಿ ಅರಿವೆಯಲ್ಲಿ ಬುತ್ತಿ ಕಟ್ಟಿದಳು. ಅಪ್ಪ ಎತ್ತು ಹೂಡಿದ. ನಾನು ಹಿಂಬಾಗಿಲಲ್ಲಿ ನಿಂತು ಬೇಲಿಯ ಬುಡ ಕಣ್ಣಿಂದ ಕೆದಕಿದೆ. ಗೊರವಂಕ ಬಂದವು, ಗಿಳಿ ಬಂದವು, ತಲೆಯ ಮೇಲೆ ಬಾಚಣಿಕೆ ಸಿಕ್ಕಿಸಿಕೊಂಡ ಹಕ್ಕಿಯೊಂದು ಬಂದು ನೆಲ ಕುಕ್ಕಿ ಹೋಯಿತು. ರತ್ನಪಕ್ಷಿ ಬರಲಿಲ್ಲ. ತೋಟದ ಆಚೆ ತುದಿಯಿಂದ ಊಪ್, ಊಪ್ ಎಂದು ಖಾಲಿ ಕೊಡದೊಳಗೆ ಕೂಗಿದಂಥ ದನಿ ಮಾತ್ರ ಬರುತ್ತಿತ್ತು.

"ಕಂಡತೇನ, ಕಾಶಿ?"

"ದನಿ ಕೇಳತೇತಿ, ಆಯಿ."

"ದನಿ ನನಗೂ ಕೇಳತೇತಿ. ಕಿವಿ ಏನ ಹೋಗಿಲ್ಲ ನಂದು. ಕಂಡತೇನ?"

"ಇಲ್ಲ."

"ಎತ್ತ ಬಿಚ್ಚಂತ ಹೇಳ ನಿಮ್ಮಪ್ಪಗ."

ಎತ್ತು ಬಿಚ್ಚಿದರು. ಬುತ್ತಿಯನ್ನೂ ಬಿಚ್ಚಿದರು. ನಡುಮನೆಯಲ್ಲಿ ಸುತ್ತ ಕುಳಿತು, ಯಾವುದೋ ಹಳ್ಳದ ದಂಡೆಯಲ್ಲಿ ಗಿಡದ ನೆರಳಿಗೆ ಉಣ್ಣಬೇಕಾದ ಊಟವನ್ನು ನಮ್ಮ ಮನೆಯ ಗೋಡೆ ನೋಡುತ್ತ ಉಂಡೆವು. ಮರುದಿನವೂ ಅದೇ. ಅದರ ಮರುದಿನವೂ ಅದೇ. ಬೇರೆ ದಿನಗಳಲ್ಲಾದರೆ ಹೋಳಿಗೆಗೆ ಹೊಡೆದಾಡುವ ನನಗೆ ಆ ಹೋಳಿಗೆ ಬೇಡವಾಗಿತ್ತು. ಅವ್ವ ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡು ಕೂರುತ್ತಿದ್ದಳು. ಎತ್ತುಗಳಿಗೂ ತಿಳಿಯದಾಗಿತ್ತು: ನೊಗ ಹೊತ್ತು, ಹೆಜ್ಜೆ ಇಡದೆ, ಮತ್ತೆ ನೊಗ ಇಳಿಸಿ, ಗೋದಲಿಯ ಮುಂದೆ ನಿಂತು ಕಾಲು ಬಡಿಯುತ್ತಿದ್ದವು. ನಾನಂತೂ ಮುಂಬಾಗಿಲಿಗೆ ಓಡಿ ಚಕ್ಕಡಿ ನೋಡಿ, ಹಿಂಬಾಗಿಲಿಗೆ ಓಡಿ ಬೇಲಿ ನೋಡಿ, ನಡುವೆ ಹೊಸ್ತಿಲಿಗೆ ಹೆಬ್ಬೆರಳು ಎಡವಿ ರಕ್ತ ಮಾಡಿಕೊಂಡೆ. ಅಪ್ಪ ತನ್ನ ತಾಯಿಗೆ ಎದುರಾಡುವ ಮನುಷ್ಯನಲ್ಲ. ಗಾಲಿಯ ಕೀಲಿಗೆ ಎಣ್ಣೆ ಹಚ್ಚುತ್ತ ಕೂರುತ್ತಿದ್ದ. ಆ ವಾರ ನಮ್ಮ ಗಾಲಿ ಕುಡಿದಷ್ಟು ಎಣ್ಣೆ ನಮ್ಮ ಒಗ್ಗರಣೆಯೂ ಕುಡಿದಿರಲಿಕ್ಕಿಲ್ಲ.

ಕೊನೆಗೊಂದು ಮುಂಜಾನೆ ಅವ್ವ ಬುತ್ತಿಯನ್ನು ಬಿಚ್ಚಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ನಡುಮನೆಯಲ್ಲಿ ನಿಂತಳು.

"ನಾ ಹೊಕ್ಕೀನ್ರಿ ಅತ್ತಿ. ಚಕ್ಕಡಿ ಬ್ಯಾಡ, ನಡಕೋತ ಹೊಕ್ಕೀನಿ. ನಿಮ್ಮ ಹಕ್ಕಿ ಬರಲಿ, ಬಿಡಲಿ."

"ಹೋಗ."

"ಆಕಿ ನನ್ನ ಹಡದಾಕಿ. ಹಕ್ಕಿ ಹಡದಿಲ್ಲ ನನ್ನ."

"ಹೋಗ ಅಂದ್ನೆಲ್ಲಬೇ. ನಮ್ಮ ಗಂಗಾನೂ ಹಿಂಗ ಅಂದಾಕಿ. 'ಹೊತ್ತಾತು, ಹಕ್ಕಿ ಪಕ್ಕಿ ಏನ ನೋಡೂದೈತಿ' ಅಂತಂದು ಹ್ವಾದ್ಲು. ನೀನೂ ಹೋಗ."

 ಗಂಗಾ ನನ್ನ ಸೋದರತ್ತೆ, ಆಯಿಯ ಒಬ್ಬಳೇ ಮಗಳು. ನಾನು ಹುಟ್ಟುವ ಮೊದಲು ಗಂಡನ ಊರಿಗೆ ಹೊರಟವಳು ಅಲ್ಲಿ ಬೇನೆ ಬಿದ್ದು ಮರಳಲಿಲ್ಲ. ಅವಳ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವ್ವನ ಕಂಕುಳಿಂದ ಬುತ್ತಿ ಮೆಲ್ಲಗೆ ಜಾರಿತು. ಅವಳು ನೆಲಕ್ಕೆ ಕುಳಿತುಬಿಟ್ಟಳು. ಅಂದು ನನಗೆ ತಿಳಿಯಿತು: ಅವ್ವನನ್ನು ಹಿಡಿದಿಟ್ಟದ್ದು ಆಯಿಯ ಗಟ್ಟಿತನವೊಂದೇ ಅಲ್ಲ. ಅವ್ವನಿಗೂ ಒಳಗೊಳಗೆ ಅಂಜಿಕೆ ಇತ್ತು. ಹಕ್ಕಿ ಕಾಣದ ಹೊರತು ಈ ಮನೆಯಿಂದ ಚಕ್ಕಡಿ ಅಲ್ಲಾಡುವುದಿಲ್ಲ. ಚಕ್ಕಡಿ ಅಲ್ಲಾಡದಿದ್ದರೆ ಬಬಲೇಶ್ವರದ ಅಮ್ಮ, ಅವ್ವನ ತಾಯಿ, ಬಾಗಿಲು ನೋಡುತ್ತಲೇ ಕಣ್ಣು ಮುಚ್ಚುತ್ತಾಳೆ.

ನಾನು ಸೀದಾ ತೋಟಕ್ಕೆ ಓಡಿದೆ. ಮಾಲನಬಿ ತನ್ನ ಮೆಣಸಿನ ಸಸಿಗಳ ನಡುವೆ ಸಲಿಕೆ ಹಿಡಿದು ಕಾಲುವೆ ತಿರುಗಿಸುತ್ತಿದ್ದಳು. ಆ ದಿನವೂ ಮರುದಿನವೂ ಅವರದೇ ನೀರಿನ ಸರದಿ; ಅವಳ ಗಂಡ ಬಾವಿಯ ಮೇಲೆ ಎತ್ತು ಹೊಡೆಯುತ್ತಿದ್ದ.

"ಚಾಚೀ, ನಾಳಿ ಆಯಿ ಕೇಳಿದ್ರ ರತ್ನಪಕ್ಷಿ ಕಂಡತು ಅಂತ ಹೇಳ."

"ಕಂಡ್ರ ಹೇಳ್ತೇನಿ."

"ಕಾಣದಿದ್ರೂ ಹೇಳ."

"ಅಯ್ಯ ನನ ಬೇಟಿ! ನಾಳಿ ಹೇಳಿದ್ರ ನಾಡದ ನನ್ನ ಮಾತ ಯಾರ ನಂಬತಾರ? ನಿಮ್ಮ ಆಯಿ ಕಣ್ಣಿಲ್ಲದಾಕಿ. ಕಣ್ಣಿಲ್ಲದಾಕಿಗೆ ಸುಳ್ಳ ಹೇಳಿದ್ರ ಅಲ್ಲಾ ನನ್ನ ಕಣ್ಣೂ ಕಸಗೋತಾನ. ಹೋಗ ಅತ್ತಾಗ."

ನಾನು ಹೋಗಲಿಲ್ಲ. ಸಿಟ್ಟಿನಿಂದ ಅಲ್ಲೇ ಬದುವಿನ ಮೇಲೆ ನಿಂತು ಕಾಲ್ಬೆರಳಿನಿಂದ ಮಣ್ಣು ಕೆದರುತ್ತಿದ್ದೆ. ಆಗ ಕಂಡಿತು. ಮಾಲನಬಿಯ ಪಾತಿಗೆ ನೀರು ಹರಿದಂತೆಲ್ಲ ಬಿರುಕುಗಳಿಂದ ಜಿಟ್ಟೆ ಹುಳು ಎದ್ದವು, ಬಸವನಹುಳು ಸಸಿಯ ಕಾಂಡ ಹಿಡಿದು ಮೇಲೇರತೊಡಗಿದವು. ಮೊದಲು ಗೊರವಂಕ ಇಳಿದವು. ಅವುಗಳ ಗದ್ದಲಕ್ಕೆ ಬೇಲಿಯ ಬುಡ ಅಲುಗಾಡಿತು. ಕೆಂಪು ಕಣ್ಣು ಹೊರಬಂತು, ಹಿಂದೆಯೇ ಇಟ್ಟಿಗೆ ಬಣ್ಣದ ರೆಕ್ಕೆ. ನಾವು ಇಷ್ಟು ದಿನ ಮುಹೂರ್ತ ಕಾಯುವಂತೆ ಕಾದ ಹಕ್ಕಿ ನೀರಿನ ಅಂಚಿನಲ್ಲಿ ಹೆಜ್ಜೆ ಹಾಕುತ್ತ, ಬಸವನಹುಳುವಿನ ಚಿಪ್ಪು ಕುಟ್ಟಿ ಕುಟ್ಟಿ ತಿನ್ನುತ್ತಿತ್ತು. ಅದಕ್ಕೆ ಅವ್ವನ ಪ್ರಯಾಣವೂ ಗೊತ್ತಿರಲಿಲ್ಲ, ಆಯಿಯ ಕಟ್ಟಳೆಯೂ ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ನೀರು. ನಮ್ಮ ಹಿಂಬಾಗಿಲ ಮುಂದಿನ ಅವರೆ ಪಾತಿ ಒಣಗಿ ಬಾಯಿ ಬಿಟ್ಟಿತ್ತು, ನಮ್ಮ ಸರದಿ ಇನ್ನೂ ದೂರವಿತ್ತು. ಹಕ್ಕಿ ಅಲ್ಲಿಗೆ ಯಾಕೆ ಬರಬೇಕು?

ಇಲ್ಲಿ ನಿಲ್ಲಿಸಿ ಒಂದು ಮಾತು ಹೇಳುತ್ತೇನೆ, ವ್ಯಾಪಾರ ಮಾಡುವ ಹುಡುಗ ಹುಡುಗಿಯರು ಗಮನವಿಟ್ಟು ಓದಬೇಕು. ಎದುರಿಗಿರುವವರು ಯಾವುದನ್ನು ಕೊಡಲಾರರೋ ಅದನ್ನು ಕೇಳಿ ಹೊತ್ತು ಕಳೆಯಬೇಡಿ. ಅವರ ಕೈಯಲ್ಲಿ ಏನಿದೆ ನೋಡಿ, ಅದನ್ನು ಕೇಳಿ. ಮಾಲನಬಿಯ ಬಾಯಲ್ಲಿ ಸುಳ್ಳಿರಲಿಲ್ಲ. ಅವಳ ಕೈಯಲ್ಲಿ ನೀರಿತ್ತು.

"ಚಾಚೀ, ಸುಳ್ಳ ಬ್ಯಾಡ. ನಾಳಿ ಮುಂಜಾನೆ ನಿನ್ನ ನೀರ ನಮ್ಮ ಅವರಿ ಪಾತಿಗಿ ಬಿಡ."

ಅವಳು ಸಲಿಕೆ ನೆಲಕ್ಕೂರಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ನನ್ನ ಸಸಿ ಏನ ಗಾಳಿ ಕುಡಿಬೇಕೇನ?"

"ನಾ ಕೊಡದಿಂದ ಹೊತ್ತ ಹಾಕತೇನಿ."

"ಎಲ್ಲಾ ಸಾಲಿಗೆ?"

"ಅರ್ಧಕ್ಕ."

"ಅರ್ಧ ನೀರ ಬಿಟ್ರ ಅರ್ಧ ಹಕ್ಕಿ ಬರತೇತೇನಲೇ? ಎಲ್ಲಾ ಸಾಲಿಗೆ."

"ಎಲ್ಲಾ ಸಾಲಿಗೆ ಹಾಕತೇನಿ. ಆದ್ರ ಸಣ್ಣ ಕೊಡ. ದೊಡ್ಡದು ನನ್ನ ಟೊಂಕದ ಮ್ಯಾಲ ಕುಂದ್ರಂಗಿಲ್ಲ."

ಅವಳು ಗಟ್ಟಿಯಾಗಿ ನಕ್ಕಳು, ಬಾವಿಯ ಮೇಲಿದ್ದ ಗಂಡನಿಗೆ ಕೂಗಿ ಹೇಳಿದಳು.

"ಕೇಳಿದ್ರೇನ್ರಿ? ಬಿಜಾಪುರದ ಅಡತಿ ಅಂಗಡಿಗೆ ಹಚ್ಚಬೇಕ್ ನೋಡ್ರಿ ಈ ಹುಡಗೀನ! ಆತು ಬಿಡ ಬೇಟಿ. ಸಣ್ಣ ಕೊಡಾನ ತಾ. ನಿಮ್ಮ ಅವ್ವನ ಮಾರಿ ನೋಡಾಕ ಆಗವಲ್ದು ನನಗೂ."

ಮರುದಿನ ಬೆಳಕು ಬಿಡುವ ಹೊತ್ತಿಗೆ ಅವ್ವ ಮತ್ತೆ ಒಲೆಯ ಮುಂದಿದ್ದಳು. ಆಸೆಯಿಂದಲ್ಲ, ಕೈ ಸುಮ್ಮನಿರಲು ಒಲ್ಲದ್ದರಿಂದ. ಬಾವಿಯ ಕಡೆಯಿಂದ ರಾಟೆ ಕಿರಗುಟ್ಟಿತು. ಮಟ್ಟಿ ಮೇಲೆ ಬಂದು ಬಾಯಿ ಬಿಟ್ಟಿತು. ಮಾಲನಬಿ ಕಾಲುವೆಗೆ ಅಡ್ಡ ಮಣ್ಣು ಹಾಕಿ ನೀರನ್ನು ನಮ್ಮ ಕಡೆ ಹೊರಳಿಸಿದಳು. ಬಾಗಿಲಲ್ಲಿ ನಿಂತ ನನ್ನ ಬಲಗಡೆಯಿಂದ ನೀರು ಪಾತಿಗೆ ಇಳಿಯಿತು, ಒಣ ಮಣ್ಣು ಚುಂಯ್ ಎಂದು ಕುಡಿಯಿತು. ಮಾಲನಬಿ ಪಾತಿಯ ಆಚೆಯ ಬದುವಿನ ಮೇಲೆ ನಮ್ಮ ಬಾಗಿಲಿಗೆ ಮುಖ ಮಾಡಿ ನಿಂತಳು. ಹುಳು ಎದ್ದವು. ಗೊರವಂಕ ಇಳಿದವು.  ಕಾಲು ನಿಲ್ಲದ ನಾನು ಆ ಒಂದು ಗಳಿಗೆ ಗೂಟದ ಹಾಗೆ ನಿಂತಿದ್ದೆ. ಅವರೆ ಬಳ್ಳಿಯ ಅಡಿಯಿಂದ ಕೆಂಪು ಕಣ್ಣು ಹೊರಬಂತು.

"ಆಯೀ! ಕಂಡತು! ಕಂಡತು!"

ಆಯಿ ಗೋಡೆ ಹಿಡಿದು ಬಂದಳು. ಅವ್ವ ಹಿಟ್ಟಿನ ಕೈಯಲ್ಲೇ ಬಂದಳು.

"ಎಲ್ಲಿ?"

"ಅವರಿ ಪಾತ್ಯಾಗ. ನಮ್ಮ ಬಾಗಲದ ಮುಂದ."

"ಯಾವ ಕಡಿ ಹೊಂಟೇತಿ?"

 ಬಲಗಡೆಯಿಂದ ಬಂದ ನೀರು ಹಕ್ಕಿಯ ಕಾಲಿಗೆ ತಾಕುತ್ತಿತ್ತು. ಅದು ನೀರಿನ ಮುಂದೆ ಮುಂದೆ, ನೆಟ್ಟಗೆ ಎಡಕ್ಕೆ ನಡೆಯುತ್ತಿತ್ತು. ಹಕ್ಕಿ ಬರುವಂತೆ ಮಾಡಿದ್ದೆ. ಹೋಗುವ ದಿಕ್ಕಿನ ಲೆಕ್ಕ ಹಿಡಿದಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅದು ರೆಕ್ಕೆ ಬಡಿದು ಎಡಗಡೆಯ ಬೇಲಿಯಲ್ಲಿ ಮುಳುಗಿತು. ಅವ್ವ ಅದನ್ನು ನೋಡಿದಳು. ಅವಳ ಮುಖದಿಂದ ಬೆಳಕು ಹೋಯಿತು.

"ಯಾಕ ಗಪ್ಪಾದಿ? ಮಾಲನಬೀ, ಅದೀಯೇನಬೇ ಅಲ್ಲಿ?"

"ಇಲ್ಲೇ ಅದೀನ್ರಿ ಆಯಿ."

"ಕಂಡತೇನ?"

"ಕಂಡತ್ರಿ. ರತ್ನಪಕ್ಷೀನ. ಕಣ್ಣ ತುಂಬ ನೋಡಿದೆ."

"ಯಾವ ಕಡಿ ಹೋತು?"

ಮಾಲನಬಿ ನನ್ನನ್ನು ನೋಡಿದಳು, ಅವ್ವನನ್ನು ನೋಡಿದಳು. ಆಮೇಲೆ ಸಲಿಕೆಯನ್ನು ಎಡಗೈಗೆ ಬದಲಿಸಿ, ಬಲಗೈಯನ್ನು ಚಾಚಿ ಹಿಡಿದಳು.

"ನನ್ನ ಬಲಗೈ ಕಡಿ ಹೋತ್ ನೋಡ್ರಿ, ಆಯಿ. ಖುದಾನ ಆಣಿ."

ಅದರಲ್ಲಿ ಸುಳ್ಳಿನ ಒಂದು ಕಾಳೂ ಇರಲಿಲ್ಲ. ಅವಳು ನಮಗೆ ಎದುರಾಗಿ ನಿಂತಿದ್ದಳು. ಆಯಿ ಕಣ್ಣಿಲ್ಲದ ಮುಖವನ್ನು ತೋಟದ ಕಡೆ ತಿರುಗಿಸಿ, ತಲೆ ಒಂದಿಷ್ಟು ವಾಲಿಸಿ ನಿಂತಳು. ಅವ್ವನ ಕೈಯ ಹಿಟ್ಟು ಒಣಗಿ ಉದುರುತ್ತಿತ್ತು.

"ಚನ್ನಿ, ಬುತ್ತಿ ಕಟ್ಟ. ಬಿಸಲ ಏರೂದ್ರಾಗ ಹಳ್ಳ ದಾಟ್ರಿ."

ಅವ್ವ ಬಗ್ಗಿ ಆಯಿಯ ಪಾದ ಮುಟ್ಟಿದಳು. ಪಾದದ ಮೇಲೆ ಬಿಳಿ ಹಿಟ್ಟಿನ ಬೆರಳು ಮೂಡಿದವು. ಚಕ್ಕಡಿ ಓಣಿ ದಾಟುವವರೆಗೆ ನಾನು ಹಿಂದೆ ಓಡಿದೆ. ಆಯಿಯ ಜೊತೆ ಒಬ್ಬರು ಇರಬೇಕೆಂದು ನನ್ನನ್ನು ಬಿಟ್ಟು ಹೋಗಿದ್ದರು. ಮರಳಿ ಬಂದು ಕೊಟ್ಟ ಮಾತಿನಂತೆ ಸಣ್ಣ ಕೊಡದಲ್ಲಿ ಬಾವಿಯ ಮೆಟ್ಟಿಲು ಹತ್ತಿಳಿದು ಮಾಲನಬಿಯ ಮೆಣಸಿನ ಸಾಲುಗಳಿಗೆಲ್ಲ ನೀರು ಹಾಕಿದೆ. ಒಂದು ಸಸಿಯನ್ನೂ ತಪ್ಪಿಸಲಿಲ್ಲ. ಮಾತು ಕೊಟ್ಟ ಮೇಲೆ ಟೊಂಕ ಮುರಿದರೂ ಮುಗಿಸಬೇಕು. ಮುಂದಿನ ಸೌದಾ ಅದರ ಮೇಲೇ ನಿಲ್ಲುತ್ತದೆ.

ಆ ದಿನ ಆಯಿ ಮುಂಬಾಗಿಲ ಕಟ್ಟೆ ಬಿಟ್ಟೇಳಲಿಲ್ಲ. ಸೆರಗಿನ ಚುಂಗು ಬೆರಳಿಗೆ ಸುತ್ತುವುದು, ಬಿಚ್ಚುವುದು. ಚಕ್ಕಡಿಯ ಸದ್ದು ಕೇಳಿದಾಗಲೆಲ್ಲ ನಮ್ಮದೇನೋ ಎಂದು ತಲೆ ಎತ್ತುವುದು. ಹೊತ್ತು ಇಳಿದ ಮೇಲೆ ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ಟೊಂಕ ಹಿಡದತೇನ?" ಎಂದಳು.

"ಯಾಕ ಹಿಡೀಬೇಕು?"

"ಇಂದು ನೀರಿನ ಸರದಿ ನಮ್ಮದಲ್ಲ. ಅವರಿ ಪಾತ್ಯಾಗ ನೀರ ಇಳದಿದ್ದು ನನಗ ಕೇಳಸ್ತು. ಮಾಲನಬಿ ಪುಕ್ಕಟೆ ಬಿಡಾಕಿ ಅಲ್ಲ, ನೀನೂ ಸುಮ್ಮನ ಕೇಳಾಕಿ ಅಲ್ಲ."

ನಾನು ಟೊಂಕಕ್ಕಿಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದೆ.

"ನಮ್ಮ ಎಡಕ್ಕ ಹೋತೆಲ್ಲ, ಹಕ್ಕಿ?"

"ಹೂಂ."

"ನೀರ ಬಲಕ್ಕಿಂದ ಬಿಟ್ರ ಅದು ಎಡಕ್ಕ ಓಡತೇತಿ. ಇನ್ನೊಮ್ಮೆ ಎಡಗಡಿ ಒಡ್ಡ ಒಡದ ಬಿಡ."

"ಗೊತ್ತಿದ್ದೂ ಯಾಕ ಕಳಿಸಿದಿ, ಆಯಿ?"

ಅವಳು ಬಹಳ ಹೊತ್ತು ಸೆರಗು ಸುತ್ತಿದಳು.

"ಹೋಗ ಅನ್ನಾಕ ನನಗ ಬಾಯಿ ಏಳವಲ್ತಾಗಿತ್ತು. ಗಂಗಾಗ ಹೋಗ ಅಂದ ಬಾಯಿ ಇದು. ಆ ಹೆಂಗಸು ಕೈ ಚಾಚಿ ಖುದಾನ ಆಣಿ ಹಾಕಿದ್ಲು. ಅಷ್ಟರ ಮ್ಯಾಲ ಎದ್ದತು."

ದೀಪ ಹಚ್ಚುವ ಹೊತ್ತಿಗೆ ಅಪ್ಪ ಖಾಲಿ ಚಕ್ಕಡಿ ಹೊಡೆದುಕೊಂಡು ಬಂದ. ಇಳಿಯುವ ಮೊದಲೇ ಹೇಳಿದ: ಅಮ್ಮನಿಗೆ ಗುರುತು ಸಿಕ್ಕಿತು, ಚನ್ನಿ ಎಂದಳು, ಹಾಲಿನಲ್ಲಿ ಕಿವುಚಿ ಕೊಟ್ಟ ಹೋಳಿಗೆ ಒಂದೆರಡು ತುತ್ತು ಒಳಗೆ ಹೋಯಿತು. ಅಮ್ಮ ಆಮೇಲೆ ಬಹಳ ದಿನ ಉಳಿಯಲಿಲ್ಲ. ಹೋಗುವಾಗ ಅವಳ ತಲೆ ಅವ್ವನ ತೊಡೆಯ ಮೇಲಿತ್ತು. ಆದರೆ ಅಂದಿನ ಸಂಜೆ ನಮಗೆ ಅದೇನೂ ಗೊತ್ತಿರಲಿಲ್ಲ. ಅಪ್ಪನ ಮಾತು ಕೇಳಿದ ಮೇಲೆ ಆಯಿ ಕಟ್ಟೆಯಿಂದ ಎದ್ದಳು, ದಿನವಿಡೀ ಏನೂ ತಿಂದಿಲ್ಲವೆಂದು ಆಗ ನೆನಪಾಯಿತು, ಉಣ್ಣಲು ಏನಿದೆ ನೋಡು ಎಂದಳು. ನಾನು ಒಳಗೆ ಹೋಗಿ ಹುಡುಕಿದೆ. ಬುಟ್ಟಿಯ ತಳದಲ್ಲಿ ಹಿಂದಿನ ದಿನದ ಕಟಕ ರೊಟ್ಟಿ, ಗಡಿಗೆಯಲ್ಲಿ ಒಂದಿಷ್ಟು ಮಜ್ಜಿಗೆ. ಮೂವರೂ ಕುಳಿತು ಅದನ್ನೇ ಮುರಿದುಕೊಂಡು ಉಂಡೆವು. ಹೋಳಿಗೆ ಇರಲಿಲ್ಲ, ಅಗಸಿ ಹಿಂಡಿ ಇರಲಿಲ್ಲ, ಬಿಳಿ ಅರಿವೆಯ ಗಂಟೂ ಇರಲಿಲ್ಲ. ಬುತ್ತಿ ಅಂದು ತಾನು ಹೋಗಬೇಕಾದ ಊರಿಗೆ ಹೋಗಿತ್ತು.